ಹೊಸ ಕಂಪ್ಯೂಟರಿನಾಗ ಹಳೇ ಎಕ್ಸ್‌ಪಿ: ಎರಡೂ ಒಮ್ಮೆಲೆ ನಡೀತಾವೇನ್ರಿ?

ಪ್ರಶ್ನೆ: ಸರ, ನಮಸ್ಕಾರ್ರಿ. ನಂದು ಗದಗಿನ್ಯಾಗ ಸಣ್ಣ ಡಿಟಿಪಿ ಅಂಗಡಿ. ಹದಿನೈದು ವರ್ಷದಿಂದ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಸೂ ಪೇಜ್‌ಮೇಕರ್ 7, ಕನ್ನಡ ಟೈಪಿನ ನುಡಿ ಸಾಫ್ಟ್‌ವೇರ್ ಇಟಗೊಂಡು ಲಗ್ನಪತ್ರಿಕಿ, ಜಾತ್ರಿ ಪಾಂಪ್ಲೆಟ್ ಮಾಡ್ಕೋಂತ ಬಂದೀನಿ. ಹೋದ ತಿಂಗಳ ಮದರ್‌ಬೋರ್ಡ್ ಕೈಕೊಡ್ತು. ಹೊಸದು ತಂದೆ, ವಿಂಡೋಸ್ 11, 8 ಜಿಬಿ ರ್‍ಯಾಮ್. ಇದರಾಗ ಪೇಜ್‌ಮೇಕರ್ ನೆಟ್ಟಗ ನಡ್ಯಾಕವಲ್ದು. ಗಿರಾಕಿ ಬಂದು "ಹೋದ ವರ್ಷದ್ದ ಕಾರ್ಡ್ ಇರ್ಲಿ, ಹೆಸರಷ್ಟ ಬದಲಿ ಮಾಡ್ರಿ" ಅಂತಾರ, ನಾ ಮತ್ತ ಮೊದಲಿಂದ ಕುಂತು ಟೈಪ್ ಮಾಡ್ಬೇಕು. ಒಬ್ರು ಡ್ಯುಯಲ್ ಬೂಟ್ ಮಾಡು, ಅಂದ್ರ ಎರಡೂ ವಿಂಡೋಸ್ ಹಾಕಿ ಚಾಲೂ ಮಾಡುಮುಂದ ಒಂದನ್ನ ಆರಿಸ್ಕೋ ಅಂದ್ರು. ಆದ್ರ ಮ್ಯಾಟರೆಲ್ಲ ವಾಟ್ಸಾಪ್‌ನ್ಯಾಗ ಬರತೈತಿ, ಪ್ರತಿ ಸಲ ಬಂದ್ ಮಾಡಿ ಚಾಲೂ ಮಾಡೂದು ಆಗಂಗಿಲ್ರಿ. ಏನರ ದಾರಿ ಐತೇನು?

ಉತ್ತರ (ಸಿಸ್ಟಂ ಅಡ್ಮಿನ್): ಇದೆ. ಡ್ಯುಯಲ್ ಬೂಟ್ ವಿಚಾರ ಬಿಟ್ಟುಬಿಡಿ. ರೀಸ್ಟಾರ್ಟ್ ಕಿರಿಕಿರಿ ಹಾಗಿರಲಿ, ನಿಮ್ಮ ಹೊಸ ಬೋರ್ಡಿನ ಮೇಲೆ ಎಕ್ಸ್‌ಪಿ ನೇರವಾಗಿ ಏಳೋದೇ ಕಷ್ಟ. 2001ರ ಸಿಸ್ಟಂ ಅದು. ಈಗಿನ ಎನ್‌ವಿಎಂಇ ಅನ್ನೋ ಹೊಸ ನಮೂನೆ ಡಿಸ್ಕಿನ ಗುರುತು ಅದಕ್ಕಿಲ್ಲ, ಗ್ರಾಫಿಕ್ಸ್‌ಗೆ ಡ್ರೈವರ್ ಸಿಗಲ್ಲ.

ನಿಮಗೆ ಬೇಕಾದದ್ದು ವರ್ಚುವಲ್ ಮೆಷಿನ್. ವರ್ಚುವಲ್‌ಬಾಕ್ಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದು ವಿಂಡೋಸ್ 11ರ ಒಳಗೇ ಒಂದು ಹಳೇ ಕಾಲದ ಕಂಪ್ಯೂಟರ್‌ನ ವೇಷ ಹಾಕಿ ಕೂರುತ್ತೆ. ಹಳೇ ಐಡಿಇ ಡಿಸ್ಕ್, ಸಾದಾ ಡಿಸ್‌ಪ್ಲೇ ಎಲ್ಲ ತೋರಿಸುತ್ತೆ, ಎಕ್ಸ್‌ಪಿ ನಂಬಿಬಿಡುತ್ತೆ. ಐಬಿಎಂನವರು 1972ರಲ್ಲೇ ದೊಡ್ಡ ಮೇನ್‌ಫ್ರೇಮ್‌ಗಳಿಗೆ ಹೀಗೆ ನಡೆಸುವ ವಿಎಂ/370 ತಂದಿದ್ದರು. ಅದೇ ಉಪಾಯ ಈಗ ನಿಮ್ಮ ಮೇಜಿನ ಮೇಲೆ.

ಎಕ್ಸ್‌ಪಿಗೆ 1 ಜಿಬಿ ರ್‍ಯಾಮ್ ಕೊಡಿ, ಧಾರಾಳ. 20 ಜಿಬಿ ಡಿಸ್ಕ್ ಸಾಕು. ಆ ಡಿಸ್ಕ್ ಅಂದ್ರೆ ಬರೀ ಒಂದು ದೊಡ್ಡ ಫೈಲು. ಎಲ್ಲ ಸರಿಯಾಗಿ ಕೂತ ಮೇಲೆ ಎಕ್ಸ್‌ಪಿ ಶಟ್‌ಡೌನ್ ಮಾಡಿ ಅದನ್ನ ಪೆನ್‌ಡ್ರೈವ್‌ಗೆ ಕಾಪಿ ಇಟ್ಟುಕೊಳ್ಳಿ. ಇನ್ನೊಂದು ಬೋರ್ಡ್ ಸತ್ತರೂ ಅಂಗಡಿ ನಿಲ್ಲಲ್ಲ. ಎಕ್ಸ್‌ಪಿ ಸಿಡಿ, ಕೀ ಎರಡೂ ಹುಡುಕಿಟ್ಟುಕೊಳ್ಳಿ. ಎಕ್ಸ್‌ಪಿ ಒಳಗೆ ವರ್ಚುವಲ್‌ಬಾಕ್ಸ್‌ನದೇ ಗೆಸ್ಟ್ ಅಡಿಷನ್ಸ್ ಅನ್ನೋ ಪೂರಕ ಸಾಫ್ಟ್‌ವೇರ್ ಹಾಕಿದರೆ ಎರಡೂ ಕಡೆಗೆ ಕಾಣೋ ಶೇರ್ಡ್ ಫೋಲ್ಡರ್ ಬರುತ್ತೆ: ವಾಟ್ಸಾಪ್‌ನಲ್ಲಿ ಬಂದ ಫೋಟೋ ಅದರಲ್ಲಿ ಹಾಕಿದ್ರೆ ಪೇಜ್‌ಮೇಕರ್‌ಗೆ ಸಿಗುತ್ತೆ. ಪ್ರಿಂಟರನ್ನ ಎಕ್ಸ್‌ಪಿಗೆ ಜೋಡಿಸೋಕೆ ಹೆಣಗಬೇಡಿ. ಪಿಡಿಎಫ್ ಮಾಡಿ ಅದೇ ಫೋಲ್ಡರಿಗೆ ಹಾಕಿ, ಹೊರಗಿಂದ ಪ್ರಿಂಟ್ ಕೊಡಿ.

ಒಂದು ಮಾತ್ರ ಖಂಡಿತ: ಎಕ್ಸ್‌ಪಿಗೆ ಇಂಟರ್ನೆಟ್ ಕೊಡಬೇಡಿ. 2014ರ ಏಪ್ರಿಲ್‌ಗೇ ಮೈಕ್ರೋಸಾಫ್ಟ್ ಕೈಬಿಟ್ಟಿದೆ, ಅದರ ಭದ್ರತೆಯ ತೂತು ಮುಚ್ಚುವವರಿಲ್ಲ. ವರ್ಚುವಲ್‌ಬಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೆದುಬಿಡಿ.

ಇನ್ನೊಬ್ಬರು: ಸರ್, ನಂದು ಎಂ1 ಮ್ಯಾಕ್. ಅದರಲ್ಲೂ ಹೀಗೇ ಮಾಡಬಹುದಾ?

ಉತ್ತರ: ಹೀಗೇ ಅಲ್ಲ. ಎಂ1 ಬೇರೆ ಜಾತಿಯ (ಎಆರ್‌ಎಂ) ಪ್ರೊಸೆಸರ್, ಎಕ್ಸ್‌ಪಿಯ ಭಾಷೆ ಅದಕ್ಕೆ ಬರಲ್ಲ. ಯುಟಿಎಂನಂಥ ಎಮ್ಯುಲೇಟರ್ ಒಂದೊಂದೇ ಆದೇಶವನ್ನ ತರ್ಜುಮೆ ಮಾಡಬೇಕು. ನಡೆಯುತ್ತೆ, ನಿಧಾನ.

ಪ್ರಶ್ನೆ ಕೇಳಿದವರು: ಹಾಕ್ದೆರಿ ಸರ, ಎಕ್ಸ್‌ಪಿ ಎದ್ದೈತಿ! ಆದ್ರ ಭಾಳ ತಡೀತೈತಿ, ಕೆಳಗ ಒಂದು ಹಸರ ಆಮಿ ಚಿತ್ರ ಬರತೈತಿ. ಮತ್ತ ಪೇಜ್‌ಮೇಕರಿನ ಕನ್ನಡ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದ್ರ ಏನೇನೋ ಇಂಗ್ಲಿಷ್ ಅಕ್ಷರ ಬರ್ತಾವ.

ಉತ್ತರ: ಆಮೆ ತಮಾಷೆಗಲ್ಲ ಬಂದಿರೋದು. ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯವನ್ನ ವಿಂಡೋಸ್‌ನದೇ ವರ್ಚುವಲ್ ಮೆಷಿನ್ ವ್ಯವಸ್ಥೆ ಹೈಪರ್-ವಿ ಮೊದಲೇ ಹಿಡಿದು ಕೂತಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಹೋಗಬೇಕಾಗಿದೆ, ಅದಕ್ಕೇ ನಿಧಾನ. ಹೆಚ್ಚಾಗಿ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್‌ನಲ್ಲಿರೋ ಮೆಮೊರಿ ಇಂಟೆಗ್ರಿಟಿ ಇದಕ್ಕೆ ಕಾರಣ. ಅದನ್ನ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಆಮೆ ಹೋಗಬಹುದು. ಆದರೆ ಅದು ನಿಮ್ಮ ವಿಂಡೋಸ್ 11ರ ರಕ್ಷಣೆಗಿರೋದು. ಮೊದಲು ಹಾಗೇ ಸ್ವಲ್ಪ ಕೆಲಸ ಮಾಡಿ ನೋಡಿ. ಕೆಲಸ ಸಾಗುವಷ್ಟು ವೇಗ ಇದ್ದರೆ ಆಮೆ ಇದ್ದರೆ ಇರಲಿ, ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಅಕ್ಷರದ ಗೋಳು ಎಕ್ಸ್‌ಪಿಯದ್ದಲ್ಲ. ಹಳೇ ನುಡಿ ಫಾಂಟ್ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದೆ, ವಾಟ್ಸಾಪ್‌ಗೆ ಬೇಕಿರೋದು ಯೂನಿಕೋಡ್, ಅಂದ್ರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರೋ ಪದ್ಧತಿ. ನುಡಿಯಿಂದ ಯೂನಿಕೋಡ್‌ಗೆ ಬದಲಿಸೋ ಕನ್ವರ್ಟರ್ ಹೊರಗಿನ ವಿಂಡೋಸ್‌ನಲ್ಲಿ ಹಾಕಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಮಾತ್ರ ಕಣ್ಣಿಟ್ಟು ನೋಡಿ, ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಕೆಟ್ಟರೆ ನಿಮಗೇ ಕಷ್ಟ.