300 ಓಮ್ ಹೆಡ್‌ಫೋನಿಗೆ 32,000 ರೂಪಾಯಿಯ ಕೇಬಲ್: ಕೊಳ್ಳಲೇ, ಬಿಡಲೇ?

ರಾಗಶ್ರೋತೃ (ಧಾರವಾಡ):

ನನ್ನ ಬಳಿ ಸೆನ್‌ಹೈಸರ್ ಎಚ್‌ಡಿ 600 ಇದೆ. ಕೊಂಡು ಬಹಳ ವರ್ಷಗಳಾದವು. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ಅದರಲ್ಲೂ ಹಳೆಯ ಬೈಠಕ್‌ಗಳ ಧ್ವನಿಮುದ್ರಣ. ಕಳೆದ ತಿಂಗಳು ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ನನ್ನದೇ ಹೆಡ್‌ಫೋನಿಗೆ ಬೆಳ್ಳಿ ಲೇಪಿತ ತಾಮ್ರದ ಕೇಬಲ್ ಹಾಕಿ ಕೇಳಿಸಿದರು. ತಂಬೂರಿಯ ಝೇಂಕಾರ ಗಾಯಕರ ಹಿಂದೆ ಅಗಲವಾಗಿ ಹರಡಿತು, ಡಗ್ಗಾದ ಪೆಟ್ಟು ಬಿಗಿಯಾಯಿತು. ಇದು ನನ್ನ ಭ್ರಮೆಯಲ್ಲ. ಜೊತೆಗಿದ್ದ ತಮ್ಮನಿಗೂ ಹಾಗೆಯೇ ಕೇಳಿಸಿತು.

ಬೆಲೆ 32,000 ರೂಪಾಯಿ. ಮನೆಗೆ ಬಂದು ವಿದೇಶಿ ವಿಮರ್ಶಕರಿಬ್ಬರ ಬರಹ ಓದಿದೆ. ಇಬ್ಬರೂ ಆ ಕೇಬಲನ್ನು ಬಾಯಿತುಂಬ ಹೊಗಳಿದ್ದಾರೆ, ಆದರೆ ಇಬ್ಬರಲ್ಲಿ ಒಬ್ಬರೂ ಒಂದು ಅಳತೆಯನ್ನೂ ಕೊಟ್ಟಿಲ್ಲ. ಅಷ್ಟು ಹಣ ನನಗೆ ಸಣ್ಣದಲ್ಲ. ತಿಳಿದವರು ದಯವಿಟ್ಟು ಹೇಳಿ.

ಬೆಳ್ಳಿತಂತಿ:

ನಿಮ್ಮ ಕಿವಿಯನ್ನು ನಂಬಿ. ನಾನೂ ಎಚ್‌ಡಿ 600 ಬಳಸುತ್ತೇನೆ, ವಾಲ್ವ್ ಆಂಪ್ಲಿಫೈಯರಿನ ಜೊತೆ. ಅದರ ಮಂದ್ರದ ತುಂಬುತನ ಬೇರೆ ಯಾವ ಆಂಪ್ಲಿಫೈಯರಿನಲ್ಲೂ ಸಿಗಲಿಲ್ಲ. ಆಂಪ್ಲಿಫೈಯರ್ ಬದಲಾದರೆ ವ್ಯತ್ಯಾಸ ಆಗುತ್ತದೆಂದಾದರೆ ಕೇಬಲ್ ಬದಲಾದರೆ ಏಕೆ ಆಗಬಾರದು? ಎಲ್ಲವನ್ನೂ ಮೀಟರಿನಲ್ಲಿ ಅಳೆಯಲು ಆಗುವುದಿಲ್ಲ.

ಮಿಕ್ಸರ್‌ಮೇಜು (ಮೈಸೂರು):

ರಾಗಶ್ರೋತೃ ಅವರೇ, ಉಳಿದದ್ದಕ್ಕೆ ಮುಂಚೆ ಒಂದು ವಿಷಯ ತಿಳಿಯಬೇಕು. ಅಂಗಡಿಯಲ್ಲಿ ಹೊಸ ಕೇಬಲನ್ನು ಹಳೆಯದು ಇದ್ದ ಸಾಕೆಟ್ಟಿಗೇ ಹಾಕಿದರೋ, ಪಕ್ಕದ ಬೇರೆ ಸಾಕೆಟ್ಟಿಗೋ? ಅದರ ತುದಿಯ ಪಿನ್ ಎಷ್ಟು ದಪ್ಪವಿತ್ತು?

ರಾಗಶ್ರೋತೃ (ಧಾರವಾಡ):

ಬೇರೆ ಸಾಕೆಟ್ಟಿಗೆ. ನನ್ನದು 6.3 ಮಿ.ಮೀ. ಪಿನ್. ಹೊಸದರದು 4.4 ಮಿ.ಮೀ., ಬ್ಯಾಲೆನ್ಸ್ಡ್ ಎಂದರು. ವಾಲ್ಯೂಮ್ ಗುಂಡಿಯನ್ನು ಯಾರೂ ಮುಟ್ಟಲಿಲ್ಲ, ಅದನ್ನು ನಾನೇ ನೋಡಿದ್ದೇನೆ.

ಮಿಕ್ಸರ್‌ಮೇಜು (ಮೈಸೂರು):

ಗುಂಡಿಯನ್ನು ಮುಟ್ಟದೇ ಇದ್ದದ್ದೇ ಎಲ್ಲದಕ್ಕೂ ಕಾರಣ. ಬಹುತೇಕ ಆಂಪ್ಲಿಫೈಯರುಗಳಲ್ಲಿ ಗುಂಡಿ ಅದೇ ಜಾಗದಲ್ಲಿದ್ದರೂ ಬ್ಯಾಲೆನ್ಸ್ಡ್ ಸಾಕೆಟ್ಟಿನಲ್ಲಿ, ಎಂದರೆ ಪ್ರತಿ ಕಿವಿಯ ಎರಡೂ ತಂತಿಗಳಿಗೆ ವಿರುದ್ಧ ದಿಕ್ಕಿನಲ್ಲಿ ಸಂಕೇತ ಕೊಡುವ ಸಾಕೆಟ್ಟಿನಲ್ಲಿ, ಎರಡು ಪಟ್ಟು ವೋಲ್ಟೇಜ್ ಬರುತ್ತದೆ. ಎಂದರೆ 6 ಡೆಸಿಬೆಲ್ ಜೋರು. ಅಷ್ಟು ಜೋರಾದರೆ ಯಾವ ತಂಬೂರಿಯೂ ಹರಡುತ್ತದೆ, ಯಾವ ಡಗ್ಗಾವೂ ಬಿಗಿಯಾಗುತ್ತದೆ. ನಿಮಗೂ ತಮ್ಮನಿಗೂ ಕೇಳಿಸಿದ ವ್ಯತ್ಯಾಸ ನಿಜವೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಆಂಪ್ಲಿಫೈಯರಿನಿಂದ ಬಂದದ್ದು. ಕಚೇರಿಗಳ ಧ್ವನಿಮುದ್ರಣದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಒಂದೇ ಹಾಡಿನ ಎರಡು ಮಿಕ್ಸ್ ಕೇಳಿಸಿದಾಗ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಕಲಾವಿದರು ಅದನ್ನೇ ಆರಿಸುತ್ತಾರೆ. ಜೋರಾಗಿದೆ ಎನ್ನುವುದಿಲ್ಲ, "ಇದರಲ್ಲಿ ಜೀವ ಇದೆ" ಎನ್ನುತ್ತಾರೆ. ಹಾಗಾಗಿ ಎರಡರ ಮಟ್ಟವನ್ನೂ ಸಮ ಮಾಡದೆ ನಾನು ಯಾರಿಗೂ ಏನನ್ನೂ ಕೇಳಿಸುವುದಿಲ್ಲ. ಆ ಅಂಗಡಿಯವರೂ ಹಾಗೆ ಮಾಡಬೇಕಿತ್ತು. 32,000 ರೂಪಾಯಿಯ ವಸ್ತುವನ್ನು ತೋರಿಸುವವರಿಗೆ ಅಷ್ಟು ಹೊಣೆ ಇರಬೇಕು.

ಈಗ ಕೇಬಲಿನ ಲೆಕ್ಕಕ್ಕೆ ಬರೋಣ. ನಿಮ್ಮ ಹಳೆಯ ಕೇಬಲ್ 3 ಮೀಟರ್ ಉದ್ದದ್ದು. ಹೋಗಿ ಬರುವ ದಾರಿಯ ಒಟ್ಟು ರೋಧ 1 ಓಮ್ ಎಂದೇ ಇಟ್ಟುಕೊಳ್ಳಿ. ಹೆಡ್‌ಫೋನ್ 300 ಓಮ್. ಆಗ ಕೇಬಲಿನಲ್ಲಿ ನಷ್ಟವಾಗುವುದು 0.03 ಡೆಸಿಬೆಲ್. ಮಂದ್ರದ ಅನುರಣನದಲ್ಲಿ ಎಚ್‌ಡಿ 600ರ ಇಂಪಿಡೆನ್ಸ್ (ಆವರ್ತನಕ್ಕೆ ತಕ್ಕಂತೆ ಬದಲಾಗುವ ರೋಧ) 500 ಓಮ್ ದಾಟುತ್ತದೆ. ಅಲ್ಲಿ ನಷ್ಟ ಇನ್ನೂ ಕಡಿಮೆ. ಹೀಗೆ ಸ್ವರದ ಸಮತೋಲನದಲ್ಲಿ ಆಗುವ ಬದಲಾವಣೆ ಡೆಸಿಬೆಲ್‌ನ ನೂರನೇ ಒಂದು ಭಾಗದಷ್ಟು. ತಾಮ್ರದ ಬದಲು ಬೆಳ್ಳಿ ಬಂದರೂ, ಚಿನ್ನವೇ ಬಂದರೂ ಈ ಲೆಕ್ಕ ಹೆಚ್ಚು ಅಲುಗಾಡುವುದಿಲ್ಲ.

ಬೆಳ್ಳಿತಂತಿ ಅವರ ಅನುಭವ ಸುಳ್ಳಲ್ಲ. ಅದನ್ನೂ ಇದೇ ಲೆಕ್ಕ ವಿವರಿಸುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್ಲಿಫೈಯರುಗಳ ಔಟ್‌ಪುಟ್ ಇಂಪಿಡೆನ್ಸ್ (ಅವುಗಳ ಒಳಗಿನದೇ ರೋಧ) 100 ಓಮ್‌ನಷ್ಟು ಇರುವುದುಂಟು. 300 ಓಮ್ ಇರುವ ಕಡೆ ಎರಡೂವರೆ ಡೆಸಿಬೆಲ್ ಇಳಿಯುತ್ತದೆ, 500 ಓಮ್ ಇರುವ ಮಂದ್ರದಲ್ಲಿ ಒಂದೂವರೆಯಷ್ಟೇ ಇಳಿಯುತ್ತದೆ. ಹೀಗಾಗಿ ಮಂದ್ರ ಸುಮಾರು 1 ಡೆಸಿಬೆಲ್ ಉಬ್ಬಿ ಕೇಳಿಸುತ್ತದೆ. ಬೆಳ್ಳಿತಂತಿ ಅವರೇ, ಅದೇ ನೀವು ಹೇಳಿದ ತುಂಬುತನ. ಅದು ನಿಮಗೆ ಇಷ್ಟವಾದರೆ ಸಂತೋಷದಿಂದ ಕೇಳಿ. ಆದರೆ 100 ಓಮ್ ಮಾಡುವ ಕೆಲಸವನ್ನು 1 ಓಮ್‌ನ ಕೇಬಲ್ ಮಾಡಲಾರದು.

ಕಿವಿಯೊಳಗೆ:

ಮಿಕ್ಸರ್‌ಮೇಜು ಅವರ ಮಾತು 300 ಓಮ್‌ಗೆ ಸರಿ. ಕಿವಿಯೊಳಗೆ ಇಡುವ, ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಧ್ವನಿ ಹೊರಡಿಸುವ ಪುಟ್ಟ ಭಾಗ; ಬ್ಯಾಲೆನ್ಸ್ಡ್ ಸಾಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ) ಇರುವ ಇಯರ್‌ಫೋನುಗಳ ಕಥೆ ಬೇರೆ. ಅವುಗಳಲ್ಲಿ ಕೆಲವದರ ಇಂಪಿಡೆನ್ಸ್ ಒಂದು ಆವರ್ತನದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಆಗಿರಬಹುದು. ಅಲ್ಲಿ 1 ಓಮ್‌ನ ಕೇಬಲ್ ಬಳಸಿದರೆ 0.8 ಡೆಸಿಬೆಲ್ ಏರುಪೇರು, 0.2 ಓಮ್‌ನದಾದರೆ 0.2 ಡೆಸಿಬೆಲ್‌ಗಿಂತ ಕಡಿಮೆ. ಇದು ಕಿವಿಗೆ ಗೊತ್ತಾಗಬಲ್ಲದ್ದು.

ಮಿಕ್ಸರ್‌ಮೇಜು (ಮೈಸೂರು):

ಒಪ್ಪುತ್ತೇನೆ, ಒಳ್ಳೆಯ ಮಾತು ನೆನಪಿಸಿದಿರಿ. ಅಲ್ಲಿಯೂ ನೋಡಬೇಕಾದದ್ದು ರೋಧದ ಅಂಕಿಯನ್ನು. ಅದನ್ನು ತಗ್ಗಿಸಲು ಸ್ವಲ್ಪ ದಪ್ಪನೆಯ ಮಾಮೂಲಿ ತಾಮ್ರ ಸಾಕು.

ವಿಮರ್ಶೆಗಳ ಬಗ್ಗೆ ನನಗೆ ಕೋಪಕ್ಕಿಂತ ದುಃಖವೇ ಹೆಚ್ಚು, ಏಕೆಂದರೆ ಚೆನ್ನಾಗಿ ಬರೆದ ವಿಮರ್ಶೆ ಬಹಳ ಉಪಕಾರ ಮಾಡುತ್ತದೆ. 2009ರಲ್ಲಿ ಸೆನ್‌ಹೈಸರ್‌ನದೇ ಎಚ್‌ಡಿ 800 ಹೆಡ್‌ಫೋನ್ ಬಂದ ಮೇಲೆ 6 ಕಿಲೋಹರ್ಟ್ಜ್ ಸುತ್ತ ಅದರ ಸ್ವರ ಚುಚ್ಚುತ್ತದೆಂದು ಅಳತೆ ಮಾಡಿದವರು ತೋರಿಸಿದರು. ಮುಂದೆ ಬಂದ ಎಚ್‌ಡಿ 800 ಎಸ್‌ನಲ್ಲಿ ಅದು ತಗ್ಗಿತು. ಅಂಥ ವಿಮರ್ಶೆಯನ್ನು ನೀವು ನಿಮ್ಮ ಕಿವಿಯಿಂದ ಪರೀಕ್ಷಿಸಬಹುದು: ಗಾಯಕಿಯ ಸಕಾರ ಸೀಳುತ್ತದೆಯೋ ಇಲ್ಲವೋ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ನೀವು ಓದಿದ ಎರಡು ಬರಹಗಳಲ್ಲಿ ಹಾಗೆ ಪರೀಕ್ಷಿಸಬಹುದಾದ ಒಂದಾದರೂ ವಾಕ್ಯ ಇದೆಯೇ, ನೋಡಿ.

ಅನುಭವಿಗಳ ಕಿವಿಯೂ ತಾನು ಮೊದಲೇ ನಂಬಿದ್ದನ್ನು ಕೇಳಿಸಿಕೊಳ್ಳುತ್ತದೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಗ್ರಾಮಫೋನ್ ತಟ್ಟೆಗಳು ಪೂರ್ತಿ ಅನಲಾಗ್, ಎಂದರೆ ಎಲ್ಲೂ ಡಿಜಿಟಲ್ ಹಂತವಿಲ್ಲದವು, ಎಂದು ನಂಬಿ ಹೆಸರಾಂತ ವಿಮರ್ಶಕರು ವರ್ಷಗಟ್ಟಲೆ ಹೊಗಳಿದ್ದರು. ಅವುಗಳಲ್ಲಿ ಅನೇಕವನ್ನು ಡಿಜಿಟಲ್ ಪ್ರತಿಯಿಂದ ಮಾಡಿದ್ದೆಂದು 2022ರಲ್ಲಿ ಹೊರಬಂತು. ಅದು ಬಯಲಾದದ್ದು ಯಾರ ಕಿವಿಯಿಂದಲೂ ಅಲ್ಲ, ಅಂಗಡಿಯವರೊಬ್ಬರು ಕಂಪನಿಯವರನ್ನೇ ನೇರವಾಗಿ ವಿಚಾರಿಸಿದ್ದರಿಂದ. ಬೆಲೆಯನ್ನು ನೋಡಿ ಗುಣ ಹೇಳುವುದೂ ಇಷ್ಟೇ ಅಪಾಯದ್ದು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಬೆಲೆಗೂ ಆವರ್ತನ ಪ್ರತಿಕ್ರಿಯೆಗೂ (ಯಾವ ಆವರ್ತನ ಎಷ್ಟು ಜೋರಾಗಿ ಬರುತ್ತದೆ ಎಂಬುದಕ್ಕೂ) ಸಂಬಂಧ ಕಾಣಲಿಲ್ಲವೆಂದು ಪ್ರಕಟಿಸಿದರು.

ಆ ಕೇಬಲಿನ ಆಸೆ ಇನ್ನೂ ಇದ್ದರೆ ಮತ್ತೊಮ್ಮೆ ಅಂಗಡಿಗೆ ಹೋಗಿ, 4.4 ಪಿನ್ನನ್ನು 6.3 ಸಾಕೆಟ್ಟಿಗೆ ಕೂರಿಸುವ ಅಡಾಪ್ಟರ್ ಕೇಳಿ. (ತಿರುಗಿಸಿ, ಎಂದರೆ ಸಾಮಾನ್ಯ ಕೇಬಲನ್ನು ಬ್ಯಾಲೆನ್ಸ್ಡ್ ಸಾಕೆಟ್ಟಿಗೆ ಅಡಾಪ್ಟರಿನಿಂದ ಹಾಕಬೇಡಿ, ಆಂಪ್ಲಿಫೈಯರ್ ಸುಟ್ಟುಹೋಗಬಹುದು.) ಎರಡೂ ಕೇಬಲ್ ಒಂದೇ ಸಾಕೆಟ್ಟಿನಲ್ಲಿ ಇರಲಿ. ನೀವು ಕಣ್ಣು ಮುಚ್ಚಿರಿ, ನಿಮ್ಮ ತಮ್ಮನೇ ನಾಣ್ಯ ಚಿಮ್ಮಿ ಬದಲಾಯಿಸಲಿ. ಕೇಬಲ್ ನಿಮ್ಮ ಎದೆಗೆ ತಾಗದಂತೆ ಅವರೇ ಎತ್ತಿ ಹಿಡಿದಿರಲಿ, ಇಲ್ಲದಿದ್ದರೆ ಅದರ ತೂಕವೇ ಗುಟ್ಟು ಬಿಟ್ಟುಕೊಡುತ್ತದೆ. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ ನನ್ನ ಲೆಕ್ಕವನ್ನು ಬದಿಗಿಟ್ಟು ಕೊಂಡುಕೊಳ್ಳಿ. ಒಪ್ಪದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ಇನ್ನೊಂದು ಮಾತು. ಕೊಂಡು ಬಹಳ ವರ್ಷವಾಯಿತು ಎಂದಿರಿ. ಇಯರ್‌ಪ್ಯಾಡ್ ಯಾವಾಗ ಬದಲಾಯಿಸಿದಿರಿ?

ರಾಗಶ್ರೋತೃ (ಧಾರವಾಡ):

ಒಮ್ಮೆಯೂ ಇಲ್ಲ. ಈಗ ಒತ್ತಿ ನೋಡಿದೆ, ಪೂರ್ತಿ ಚಪ್ಪಟೆಯಾಗಿದೆ. ಕಿವಿ ಒಳಗಿನ ಬಟ್ಟೆಗೆ ತಾಗುತ್ತದೆ.

ಮಿಕ್ಸರ್‌ಮೇಜು (ಮೈಸೂರು):

ಹಾಗಾದರೆ ಡ್ರೈವರ್ (ಧ್ವನಿ ಹೊರಡಿಸುವ ಭಾಗ) ಕಿವಿಗೆ ಹತ್ತಿರ ಬಂದಿದೆ, ಅದರ ಕೋನ ಮತ್ತು ಪ್ಯಾಡಿನ ಹಿಡಿತ ಎರಡೂ ಕೆಟ್ಟಿವೆ. ಮಂದ್ರವೂ ಗಾಯಕರ ಕಂಠದ ಮೇಲಿನ ಭಾಗವೂ ಇದರಿಂದ ಬದಲಾಗುತ್ತವೆ. ಮೈಕ್ ಇಟ್ಟು ಅಳೆದರೆ ಎದ್ದು ಕಾಣುವಷ್ಟು ದೊಡ್ಡ ಬದಲಾವಣೆ ಇದು. ಪ್ಯಾಡುಗಳನ್ನು ಕೈಯಲ್ಲೇ ತೆಗೆದು ಹಾಕಬಹುದು, ಉಪಕರಣ ಬೇಡ. ಕಂಪನಿಯದನ್ನೇ ಕೊಳ್ಳಿ, ನಕಲಿಗಳಲ್ಲಿ ಸ್ಪಂಜಿನ ದಪ್ಪ ಬೇರೆ ಇರುತ್ತದೆ, ಸ್ವರವೂ ಬೇರೆಯಾಗುತ್ತದೆ. ಕನ್ನಡಕ ಹಾಕುತ್ತೀರಾದರೆ ಒಮ್ಮೆ ತೆಗೆದೂ ಕೇಳಿ, ಕಡ್ಡಿಯ ಸಂದಿಯಿಂದ ಎಷ್ಟು ಮಂದ್ರ ಸೋರುತ್ತಿತ್ತೆಂದು ತಿಳಿಯುತ್ತದೆ. ಕೇಬಲಿನ ವಿಷಯವನ್ನು ಪ್ಯಾಡ್ ಬದಲಾಯಿಸಿದ ಮೇಲೆ ಮಾತನಾಡೋಣ.