ಮಂಡಿ ನೋವಿನ ಅಮ್ಮನ ಜೊತೆ ಪ್ರಾಗ್‌ನಲ್ಲಿ ಒಂದು ದಿನ: ಹೋಗಿ ಬಂದವರು ಹೇಳ್ತೀರಾ?

ಜೂನ್‌ನಲ್ಲಿ ಅಮ್ಮನನ್ನು ಪ್ರಾಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸಿಗುವುದು ಒಂದೇ ದಿನ. ಅಮ್ಮನಿಗೆ 64 ವರ್ಷ, ಮಂಡಿ ನೋವು ಇದೆ. ಆದರೂ ನಡೆದೇ ನೋಡಬೇಕು ಅಂತ ಆಸೆ. ಮಾಂಸ, ಮೊಟ್ಟೆ ಎರಡೂ ತಿನ್ನುವುದಿಲ್ಲ. ಎಲ್ಲಿಂದ ಶುರು ಮಾಡಲಿ?

*

ನಾನು ಅತ್ತೆಯವರ ಜೊತೆ ಹೋಗಿದ್ದೆ. ಹೇಳುವುದು ಒಂದೇ ಮಾತು, ಮೇಲಿನಿಂದ ಶುರು ಮಾಡಿ. ಜಾಸ್ತಿ ಜನ ಹಳೇ ಪಟ್ಟಣದ ಚೌಕದಿಂದ ಹೊರಟು, ಸೇತುವೆ ದಾಟಿ, ಕೊನೆಗೆ ಕೋಟೆ ಹತ್ತುತ್ತಾರೆ. ಮೊದಲ ದಿನ ನಾವೂ ಹಾಗೇ ಮಾಡಿದೆವು. ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಕೋಟೆಯ ಬುಡದಲ್ಲೇ ಕೂತುಬಿಟ್ಟರು. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಮಾರನೇ ದಿನ 22ನೇ ನಂಬರಿನ ಟ್ರಾಮ್ ಹತ್ತಿ ಪೊಹೊರ್ಝೆಲೆಟ್ಸ್ ಸ್ಟಾಪಿನಲ್ಲಿ ಇಳಿದೆವು. ಪಕ್ಕದಲ್ಲೇ ಸ್ಟ್ರಾಹೋವ್ ಮಠ. ಅಲ್ಲಿಂದ ಊರೆಲ್ಲ ಕಾಲ ಕೆಳಗೆ, ಕೆಂಪು ಹೆಂಚು, ಗೋಪುರಗಳು. ಕೋಟೆಗೆ ಅಲ್ಲಿಂದ ನಿಧಾನಕ್ಕೆ ಇಳಿಯುವ ದಾರಿ. ಒಳಗಿನ ಸಂತ ವಿಟಸ್ ಚರ್ಚ್ ಮಾತ್ರ ಬಿಡಬೇಡಿ. 1344ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1929ರಲ್ಲಿ! ಬಿಸಿಲು ಬಿದ್ದಾಗ ಬಣ್ಣದ ಗಾಜಿನ ಬೆಳಕು ಕಂಬಗಳ ಮೇಲೆ ಹರಡುತ್ತದೆ. ಅತ್ತೆ ಅಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದರು. ಗೋಪುರಕ್ಕೆ 287 ಮೆಟ್ಟಿಲು, ಅದು ಅಮ್ಮನಿಗೆ ಬೇಡ. ಮಧ್ಯಾಹ್ನ 12ಕ್ಕೆ ಕೋಟೆಯ ಕಾವಲುಗಾರರು ಬದಲಾಗುವಾಗ ವಾದ್ಯ ನುಡಿಸುತ್ತಾರೆ, ಆ ಹೊತ್ತಿಗೆ ಅಂಗಳದಲ್ಲಿರಿ. ಬೇಗ ಹೋದರೆ ಕ್ಯೂ ಕಡಿಮೆ.

*

ಮೇಲೆ ಹೇಳಿದ್ದು ಸರಿ, ಆದರೆ ಒಂದು ಎಚ್ಚರಿಕೆ. ನನ್ನ ಅಮ್ಮನಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿ ಜಾಸ್ತಿ ನೋಯುತ್ತದೆ. ಕೋಟೆಯಿಂದ ಕೆಳಗೆ ಬರುವ ನೆರುಡೋವಾ ಬೀದಿ ಚೆನ್ನಾಗಿದೆ. ಮನೆಗಳಿಗೆ ನಂಬರ್ ಬರುವ ಮುಂಚಿನ ಗುರುತುಗಳು ಇನ್ನೂ ಬಾಗಿಲ ಮೇಲಿವೆ: ಮೂರು ಪಿಟೀಲು, ಎರಡು ಸೂರ್ಯ. ಆದರೆ ಇಳಿಜಾರು ಕಡಿದು, ಕೆಳಗೆ ಬರೀ ಕಲ್ಲು ಹಾಸು. ಅಮ್ಮನಿಗೆ ಕಷ್ಟ ಅನ್ನಿಸಿದರೆ ಕೋಟೆಯ ಸ್ಟಾಪಿನಲ್ಲಿ ಅದೇ 22 ಹತ್ತಿ, ಮಾಲೊಸ್ಟ್ರಾನ್ಸ್ಕೆ ಚೌಕದಲ್ಲಿ ಇಳಿಯಿರಿ. ಅಲ್ಲಿಂದ ಚಾರ್ಲ್ಸ್ ಸೇತುವೆಗೆ ಐದಾರು ನಿಮಿಷ, ಅಷ್ಟೇ. ಕಾಗದದ ಟಿಕೆಟ್ ಆದರೆ ಹಳದಿ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ. ಹೊಸ ಶೂ ಹಾಕಿಸಬೇಡಿ. ಕಾಲಿಗೆ ಪಳಗಿದ, ಅಡಿ ದಪ್ಪ ಇರುವ ಹಳೇ ಶೂನೇ ಇರಲಿ.

*

ಊಟದ ಬಗ್ಗೆ. ಆಲೂಗಡ್ಡೆ ದೋಸೆಯ ಹಾಗೆ ಕಾಣುವ ಬ್ರಾಂಬೊರಾಕ್ ಅಂತ ಒಂದು ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಕರಿದ ಚೀಸ್ ತುಂಬಾ ಕಡೆ ಇದೆ, ಅದರ ಮೇಲಿನ ಹಿಟ್ಟಿಗೂ ಮೊಟ್ಟೆ ಹಾಕುತ್ತಾರೆ. ತರಕಾರಿ ಸೂಪಿನ ನೀರು ಮಾಂಸದ್ದಾಗಿರಬಹುದು, ಕೇಳಿಯೇ ಕುಡಿಯಿರಿ. ನಾವು ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆವು. ನದಿ ದಂಡೆಯ ಬೆಂಚಿನ ಮೇಲೆ ಕೂತು ತಿಂದದ್ದು ಅಪ್ಪನಿಗೆ ಇವತ್ತಿಗೂ ನೆನಪಿದೆ.

ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಚೌಕದ ಹತ್ತಿರ ಒಂದು ಅಂಗಡಿಯಲ್ಲಿ ದುಡ್ಡು ಬದಲಿಸಿ, ತೀರಾ ಕಡಿಮೆ ಸಿಕ್ಕಿ ಮೋಸ ಹೋದೆ. ಮೂರು ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಪಡೆಯಬಹುದು ಅಂತ 2019ರಿಂದ ಕಾನೂನೇ ಇದೆ. ಅದು ಗೊತ್ತಾದದ್ದು ರಾತ್ರಿ. ನೀವು ರಸೀದಿ ಬಿಸಾಡಬೇಡಿ.

*

ಸೇತುವೆಗೆ ಆತುರ ಮಾಡಬೇಡಿ. 1357ರಲ್ಲಿ ಕಟ್ಟಲು ಶುರು ಮಾಡಿದ್ದು, ಉದ್ದ 516 ಮೀಟರ್, ಎರಡೂ ಕಡೆ ಸೇರಿ 30 ಪ್ರತಿಮೆ. ನೆಪೊಮುಕ್ ಎಂಬ ಸಂತನನ್ನು 1393ರಲ್ಲಿ ಇಲ್ಲಿಂದಲೇ ನದಿಗೆ ಎಸೆದರಂತೆ. ಅವರ ಪ್ರತಿಮೆಯ ಕೆಳಗಿನ ಫಲಕ ಜನ ಮುಟ್ಟಿ ಮುಟ್ಟಿ ಹೊಳೆಯುತ್ತಿದೆ. ನಮ್ಮ ದೊಡ್ಡಮ್ಮನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ.

ದಾಟಿದರೆ ಹಳೇ ಪಟ್ಟಣ, ಅಲ್ಲಿ 1410ರ ಗಡಿಯಾರ. ಗಂಟೆಗೊಮ್ಮೆ ಸಾವಿನ ಗುರುತಾದ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ, ಪಕ್ಕದ ಬೊಂಬೆಗಳು ‘ಈಗಲೇ ಬರಲ್ಲ’ ಅಂತ ತಲೆ ಅಲ್ಲಾಡಿಸುತ್ತವೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷವೂ ಇಲ್ಲ, ಐದು ನಿಮಿಷ ಮುಂಚೆ ಹೋದರೆ ಸಾಕು. ಎಲ್ಲರೂ ಮೇಲೆ ನೋಡುತ್ತಿರುತ್ತಾರೆ, ಜೇಬುಗಳ್ಳರಿಗೆ ಅದೇ ಬೇಕು. ಪಕ್ಕದ ಪುರಭವನದ ಮುಂದೆ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. 1621ರಲ್ಲಿ ರಾಜನ ವಿರುದ್ಧ ಎದ್ದ 27 ಜನರ ತಲೆ ತೆಗೆದ, ನೇಣು ಹಾಕಿದ ಜಾಗ. ಅಮ್ಮನಿಗೆ ತೋರಿಸಿ, ಅವುಗಳ ಮೇಲೆ ಕಾಲಿಡದೆ ಬನ್ನಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಆರಾಮಾಗಿ ಬೆಂಚು ಸಿಕ್ಕಲ್ಲೆಲ್ಲ ಕೂರಿಸಿಕೊಂಡು ಹೋಗಿ.