ಮೈಲುತುತ್ತಿನ ಹರಳು ಆಲಿಕೆಯಲ್ಲೇ ಕಟ್ಟುತ್ತಿದೆ, ಉಳಿದದ್ದು ಬಿಳಿಚಿದ ಪುಡಿಯಾಗುತ್ತಿದೆ

ಪ್ರಶ್ನೆ:
ನಮಸ್ಕಾರ. ನಾನು ಉಡುಪಿಯ ಸಮೀಪ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಕೊಳೆರೋಗ ಬಾರದಂತೆ ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ನೀರು) ಹೊಡೆದ ಮೇಲೆ ಉಳಿದ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕೆಂಪು ಮಣ್ಣಿನೊಂದಿಗೆ ಬೆರೆತುಹೋಗಿತ್ತು. ಮಿಶ್ರಣಗಳ ಪಾಠಕ್ಕೆ ಆದೀತೆಂದು ಅದರಲ್ಲಿ ಸುಮಾರು 100 ಗ್ರಾಂ ತೆಗೆದು 150 ಮಿಲಿಲೀಟರ್ ಕುದಿಯುವ ನೀರಿನಲ್ಲಿ ಕರಗಿಸಿದೆ. ಸೋಸುವಾಗ ಶೋಧಕ ಕಾಗದದ ಮೇಲೆಯೇ ಹರಳು ಕಟ್ಟಿ ಆಲಿಕೆ ಮುಚ್ಚಿಹೋಯಿತು. ಪಂಚೆಯ ಬಟ್ಟೆಯಲ್ಲಿ ಸೋಸಿದರೆ ಮಣ್ಣೂ ಜೊತೆಗೆ ಇಳಿಯಿತು. ಇಳಿದಷ್ಟನ್ನು ಒಲೆಯ ಮೇಲೆ ಪೂರ್ತಿ ಇಂಗಿಸಿದಾಗ ಸಿಕ್ಕಿದ್ದು ಬಿಳಿಚಿದ ಪುಡಿ. ತಪ್ಪಿದ್ದೆಲ್ಲಿ?

ಉತ್ತರ:
ಮಾಷ್ಟ್ರೇ, ತಪ್ಪಿರುವುದು ಕೆಲಸದ ಅನುಕ್ರಮದಲ್ಲಿ. 100 ಗ್ರಾಂ ನೀರಿನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 84 ಗ್ರಾಂ ಮೈಲುತುತ್ತು ಕರಗಿದರೆ, 20 ಡಿಗ್ರಿಯಲ್ಲಿ ಕರಗುವುದು 32 ಗ್ರಾಂ ಮಾತ್ರ; ಆದ್ದರಿಂದ ತಾವು ಮಾಡಿದಂತಹ ಗಾಢ ದ್ರಾವಣವು ತಣ್ಣನೆಯ ಆಲಿಕೆಯನ್ನು ಮುಟ್ಟಿದೊಡನೆ ಹರಳು ಬಿಡಲೇಬೇಕು. ಆಲಿಕೆಯನ್ನು ಬಿಸಿ ಮಾಡಿಕೊಳ್ಳಬಹುದೆಂದು ಕೆಲವರು ಹೇಳಿಯಾರು, ಆದರೆ ನಮ್ಮ ಕೆಂಪು ಮಣ್ಣಿನ ಕಣಗಳು ಬಹಳ ನುಣುಪಾಗಿದ್ದು, ಕಾಗದದಲ್ಲಿ ದ್ರಾವಣ ನಿಧಾನವಾಗಿ ಇಳಿಯುವಷ್ಟರಲ್ಲಿ ಎಲ್ಲವೂ ತಣಿದಿರುತ್ತದೆ. ಅದೇ 100 ಗ್ರಾಮನ್ನು 400 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ರಾತ್ರಿಯಿಡೀ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಬಸಿದು, ತಣ್ಣಗಿರುವಾಗಲೇ ಕಾಗದದಲ್ಲಿ ಸೋಸಿರಿ. ಅಷ್ಟು ತೆಳುವಾದ ದ್ರಾವಣದಿಂದ ಆಲಿಕೆಯಲ್ಲಿ ಹರಳು ಕಟ್ಟುವ ಭಯವಿಲ್ಲ.

ಆಮೇಲೆ ಗಾಜಿನ ಪಾತ್ರೆಯಲ್ಲಿ ಸುಮಾರು 150 ಮಿಲಿಲೀಟರ್ ಆಗುವವರೆಗೆ ಮಾತ್ರ ಇಂಗಿಸಿರಿ. ಗಾಜಿನ ಕಡ್ಡಿಯಿಂದ ಒಂದು ಹನಿಯನ್ನು ತಣ್ಣನೆಯ ಗಾಜಿನ ಮೇಲಿಟ್ಟಾಗ ಅಂಚಿನಲ್ಲಿ ಹರಳು ಮೂಡಿದರೆ ಒಲೆ ಆರಿಸಿ, ಮುಚ್ಚಿಟ್ಟು ತಾನಾಗಿ ತಣಿಯಲು ಬಿಡಿರಿ. ಪೂರ್ತಿ ಒಣಗಿಸಿದ್ದರಿಂದಲೇ ಬಿಳಿ ಪುಡಿಯಾಯಿತು: ನೀಲಿ ಬಣ್ಣಕ್ಕೆ ಬೇಕಾದ ಹರಳಿನೊಳಗಿನ ನೀರು ಹಾರಿಹೋಗಿದೆ. ಆ ಪುಡಿಯನ್ನು ಎಸೆಯಬೇಡಿರಿ. ನೀರು ಹಾಕಿದರೆ ಮತ್ತೆ ನೀಲಿಯಾಗುತ್ತದೆ. ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆ ಮಾತ್ರ ಬೇಡ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ತೋಟದವರು ಕತ್ತಿಯನ್ನು ಅದ್ದಿ ನೋಡುವಾಗ ಅಂಟುವ ಕೆಂಪು ತಾಮ್ರವೇ ಅಲ್ಲಿಯೂ ಅಂಟುತ್ತದೆ.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆ ಮಾಡಿದೆ, ನೀಲಿ ಹರಳುಗಳು ಚೆನ್ನಾಗಿ ಬಂದವು. ಆದರೆ ಅರ್ಧದಷ್ಟೂ ಸಿಕ್ಕಿಲ್ಲ. ಮಳೆಗಾಲದಲ್ಲಿ ಒಣಗುವುದೂ ಕಷ್ಟವಾಗಿದೆ.

ಉತ್ತರ:
ಈ ಸೆಕೆಯಲ್ಲಿ ದ್ರಾವಣ 28 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಆ ಉಷ್ಣತೆಯಲ್ಲಿ 50 ಗ್ರಾಂಗೂ ಹೆಚ್ಚು ನೀರಿನಲ್ಲೇ ಉಳಿಯುತ್ತದೆ. ಉಳಿದ ನೀಲಿ ದ್ರವವನ್ನು ಇನ್ನೊಮ್ಮೆ ಇಂಗಿಸಿದರೆ ಎರಡನೆಯ ಸಲದ ಹರಳು ಬರುತ್ತದೆ. ಹರಳನ್ನು ಒತ್ತುಕಾಗದದ ನಡುವೆ ಒತ್ತಿ ಫ್ಯಾನಿನ ಕೆಳಗಿಟ್ಟರೆ ಸಾಕು, ಒಲೆಯ ಬಳಿ ಇಡಬೇಡಿರಿ. ಕೊನೆಗೆ ಉಳಿದ ದ್ರವವನ್ನು ತೋಡಿಗಾಗಲಿ ಬಾವಿಯ ಬಳಿಯಾಗಲಿ ಚೆಲ್ಲಬಾರದು, ತಾಮ್ರವು ಮೀನುಗಳಿಗೆ ವಿಷ; ಹೆಸರು ಬರೆದ ಗಾಜಿನ ಬಾಟಲಿಯಲ್ಲಿ ಮುಂದಿನ ತರಗತಿಗೆ ಎತ್ತಿಡಿರಿ.